ಲಾಬಿ ಪಿಯಾನೋಗೆ ಬಟ್ಟೆ ಹೊದಿಸಿದ ಮೇಲೆ: ಮುಂಬೈನ ಒಬ್ಬ ಕನ್ನಡಿಗ ಜಾಝ್ ಪಿಯಾನಿಸ್ಟ್ ಪ್ರಕರಣ

ಪ್ರಕರಣ ಇಷ್ಟು. ಧಾರವಾಡದಿಂದ ಬಂದು ಮುಂಬೈಲಿ ನೆಲೆಯಾದ, ಐವತ್ತು ದಾಟಿದ ಒಬ್ರು ಜಾಝ್ ಪಿಯಾನಿಸ್ಟು, ವರ್ಷಗಟ್ಟಲೆ ಒಂದೇ ಫೈವ್‌ಸ್ಟಾರ್ ಹೋಟೆಲಿನ ಲಾಬಿಲಿ ಸಂಜೆ ಹೊತ್ತು ಬಾರಿಸ್ತಿದ್ದವರು. 2020ರ ಮಾರ್ಚಲ್ಲಿ ಲಾಕ್‌ಡೌನ್ ಆಗಿ ಲಾಬಿ ಖಾಲಿ ಆಯ್ತು, ಪಿಯಾನೋಗೆ ಬಟ್ಟೆ ಹೊದಿಸಿದ್ರು, ಆಮೇಲೆ ಹೋಟೆಲ್ ತೆರೆದಾಗ ಬಟ್ಟೆ ತೆಗೀಲೇ ಇಲ್ಲ, ಸೀಲಿಂಗ್ ಸ್ಪೀಕರಲ್ಲಿ ಪ್ಲೇಲಿಸ್ಟ್ ಹಾಕಿ ಸುಮ್ಮನಾದ್ರು. ಈಗ ಏನು ಮಾಡೋದು ಅಂತ ಅವ್ರು ನನ್ನ ಹತ್ರ ಬಂದ್ರು. ನಾನು ಸಂಗೀತದವನಲ್ಲ, ಮಾಟುಂಗಾದಲ್ಲಿ ಕೂತು ಜನರ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡೋ ಶೆಟ್ಟಿ, ಆದ್ರೆ ಒಬ್ಬ ಮನುಷ್ಯನ ಬದುಕು ಅವನ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಕಾಣೋ ಹಾಗೆ ಎಷ್ಟೋ ಸಲ ಅವನ ಬಾಯಲ್ಲೂ ಬರಲ್ಲ, ಹಾಗಾಗಿ ಬರೀತಿದ್ದೀನಿ. ಹೆಸರು ಹಾಕಬೇಡ್ರಿ ಅಂದಿದ್ದಾರೆ. ಮಾಸ್ತರು ಅಂತಲೇ ಕರೀತೀನಿ, ನಮ್ಮ ಕಡೆ ಎಲ್ಲರೂ ಹಾಗೇ ಕರೆಯೋದು.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಈ ಊರಲ್ಲಿ ಜಾಝ್ ಪಿಯಾನಿಸ್ಟ್ ಅನ್ನೋನು ಯಾವ ಕಾಲಕ್ಕೂ ಜಾಝ್ ದುಡ್ಡಲ್ಲಿ ಬದುಕಿಲ್ಲ. ಒಂದು ಕಾಲದಲ್ಲಿ ಹೋಟೆಲು ಕೊಡ್ತು, ಆಮೇಲೆ ಸಿನಿಮಾ ಕೊಡ್ತು, ಆಮೇಲೆ ಜಾಹೀರಾತು, ಈಗ ಮಕ್ಕಳ ಗ್ರೇಡ್ ಎಕ್ಸಾಮು. ಕೊಡೋನು ಬದಲಾಗ್ತಾ ಬಂದ, ಬಾರಿಸೋನು ಅದೇ ದುಡ್ಡಲ್ಲಿ ರಾತ್ರಿ ತನಗೆ ಬೇಕಾದ್ದು ಬಾರಿಸ್ಕೊಂಡ. ಮಾಸ್ತರ ಕಷ್ಟ ಜಾಝ್ ಸತ್ತಿದ್ದರಿಂದ ಬಂದಿದ್ದಲ್ಲ, ಕೊಡೋನು ಒಬ್ಬನೇ ಇದ್ದದ್ದರಿಂದ ಬಂದಿದ್ದು.

ಅವರ ಅಪ್ಪ ನಾಟಕ ಕಂಪನೀಲಿ ಪೇಟಿ (ಹಾರ್ಮೋನಿಯಂ) ಮಾಸ್ತರು, ಕಾಲಲ್ಲಿ ತುಳಿಯೋ ದೊಡ್ಡ ಪೇಟಿ. ಮಗ ಕಲಿತಿದ್ದು ಕೈ ಪೇಟಿ, ಧಾರವಾಡದಲ್ಲಿ ಗಾಯಕರ ಹಿಂದೆ ಕೂತು ಸಾಥ್ ಮಾಡ್ತಾ. ಸಾಥ್ ಅಂದ್ರೆ ಗೊತ್ತಲ್ಲ, ಹಾಡೋರು ಏನು ತಗೋತಾರೆ ಅನ್ನೋದು ಮುಂಚೆ ಗೊತ್ತಿರಲ್ಲ, ಅರ್ಧ ಕ್ಷಣ ಹಿಂದೆ ಇದ್ದು ಬೆನ್ನು ಹತ್ತಬೇಕು, ಮುಂದೆ ಹೋದ್ರೆ ಬೈಸ್ಕೋಬೇಕು. ಇದೇ ಹಾರ್ಮೋನಿಯಂನ ಆಕಾಶವಾಣಿ 1940ರಿಂದ 1971ರವರೆಗೆ ಒಳಗೇ ಬಿಟ್ಕೊಂಡಿರಲಿಲ್ಲ, ವಿದೇಶಿ ವಾದ್ಯ, ಸ್ವರದಿಂದ ಸ್ವರಕ್ಕೆ ಜಾರೋ ಮೀಂಡ್ ಬರಲ್ಲ, ಶ್ರುತಿ ಸರಿ ಇಲ್ಲ ಅಂತ. ಅಪ್ಪನಿಗೆ ಆ ಸಿಟ್ಟು ಕೊನೇವರೆಗೂ ಇತ್ತಂತೆ. ಆ ಮನೆಯ ಹುಡುಗ ಇನ್ನೂ ದೊಡ್ಡ ವಿದೇಶಿ ವಾದ್ಯದ ಮುಂದೆ ಹೋಗಿ ಕೂತಿದ್ದು ನೋಡಿ ನಂಗೆ ಯಾವಾಗ್ಲೂ ನಗು ಬರುತ್ತೆ.

ಜಾಝ್ ಹುಚ್ಚು ಹಿಡಿದದ್ದು ಒಂದು ಕ್ಯಾಸೆಟ್ಟಿಂದ. ನಮ್ಮ ಬೆಂಗಳೂರಿನ ರಮಾಮಣಿ ಅವ್ರು ಹಾಡಿರೋದು, ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಜೊತೆಗೆ ಅಮೆರಿಕದ ಚಾರ್ಲಿ ಮರಿಯಾನೋ ಸ್ಯಾಕ್ಸೋಫೋನು, 1983ರಲ್ಲಿ ಇಸಿಎಂ ಅನ್ನೋ ರೆಕಾರ್ಡ್ ಕಂಪನಿಗೆ ಮಾಡಿದ 'ಜ್ಯೋತಿ' ಅನ್ನೋ ರೆಕಾರ್ಡು. ಕರ್ನಾಟಕ ಸಂಗೀತದ ಸ್ವರ, ಬಾಯಲ್ಲಿ ತಾಳದ ಸೊಲ್ಲು ಹೇಳೋ ಕೊನ್ನಕ್ಕೋಲು, ಅದರ ಮೇಲೆ ಒಬ್ಬ ಬಿಳಿಯ ಸಾಥ್ ಮಾಡ್ತಿದ್ದಾನೆ ಅನ್ನೋದು ಪೇಟಿ ಹುಡುಗನ ಕಿವಿಗೆ ತಕ್ಷಣ ಗೊತ್ತಾಯ್ತಂತೆ. ಸಾಥೇ ಆದ್ರೆ ನಾನ್ಯಾಕ ಮಾಡಬಾರ್ದು ಅಂತ ಹೊರಟು ಬಂದವರು.

ಮುಂಬೈಗೆ ಬಂದಾಗ ಹಗಲು ಫೋರ್ಟ್ ಕಡೆ ಒಂದು ಉಡುಪಿ ಹೋಟೆಲಲ್ಲಿ ಗಲ್ಲಾ, ಸಂಜೆ ಮಾಟುಂಗಾ ಸಯನ್ ಕಡೆ ಭಜನೆಗೆ ಪೇಟಿ. ಪಿಯಾನೋ ಕಲಿಸಿದ್ದು ಒಬ್ರು ವಯಸ್ಸಾದ ಗೋವಾದವರು, ಧೋಬಿ ತಲಾವ್ ಹತ್ರ ಇದ್ರು, ಸಿನಿಮಾ ಸ್ಟುಡಿಯೋದಿಂದ ರಿಟೈರ್ ಆದವರು. ಇವರ ಕಥೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಇಡೀ ಊರಿನ ಕಥೆ ಇದರಲ್ಲೇ ಇದೆ.

1930ರ ದಶಕದಲ್ಲಿ ತಾಜ್ ಹೋಟೆಲಿಗೆ ಅಮೆರಿಕದ ಕಪ್ಪು ಸಂಗೀತಗಾರರ ಬ್ಯಾಂಡುಗಳು ಬರ್ತಿದ್ವು. ಲಿಯಾನ್ ಆ್ಯಬಿ ಬಂದ, ಕ್ರಿಕೆಟ್ ಸ್ಮಿತ್ ಬಂದ, ಟೆಡ್ಡಿ ವೆದರ್‌ಫೋರ್ಡ್ ಅನ್ನೋ ಪಿಯಾನಿಸ್ಟ್ ಬಂದ. ಈ ವೆದರ್‌ಫೋರ್ಡ್ ಸಾಮಾನ್ಯದವನಲ್ಲ, 1903ರಲ್ಲಿ ಹುಟ್ಟಿದ್ದು, ಶಿಕಾಗೋದಲ್ಲಿ ಅರ್ಸ್ಕಿನ್ ಟೇಟ್ ಬ್ಯಾಂಡಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಕೂತು 1926ರಲ್ಲಿ ರೆಕಾರ್ಡ್ ಮಾಡಿದೋನು, ಅದೇ ವರ್ಷ ಏಷ್ಯಾ ಕಡೆ ಹಡಗು ಹತ್ತಿ ಶಾಂಘೈ, ಮುಂಬೈ, ಕೊನೆಗೆ ಕಲ್ಕತ್ತಾ. ಅಲ್ಲೇ 1945ರ ಏಪ್ರಿಲಲ್ಲಿ ಕಾಲರಾದಿಂದ ಸತ್ತ. ಅಮೆರಿಕದಲ್ಲೇ ಇದ್ದಿದ್ರೆ ಪುಸ್ತಕಗಳಲ್ಲಿ ದೊಡ್ಡ ಹೆಸರಾಗ್ತಿತ್ತು ಅಂತ ಜನ ಮರುಗ್ತಾರೆ. ನಂಗೆ ಹಾಗನ್ಸಲ್ಲ. ಅಲ್ಲಿ ಹಿಂದಿನ ಬಾಗಿಲಿಂದ ಒಳಗೆ ಬರಬೇಕಿದ್ದ ಮನುಷ್ಯ ಇಲ್ಲಿ ಬ್ಯಾಂಡ್ ಲೀಡರ್ ಆಗಿ ದೊಡ್ಡ ದೊಡ್ಡ ಹೋಟೆಲಲ್ಲಿ ಕೆಲಸ ಮಾಡಿದ, ಲೆಕ್ಕ ಹಾಕಿಯೇ ಇದ್ದಿರ್ತಾನೆ.

ಆ ಬ್ಯಾಂಡುಗಳ ಪಕ್ಕ ಕೂತು ಕಲಿತವರು ಗೋವಾದವರು. ಚರ್ಚಿನ ಶಾಲೆಯಲ್ಲಿ ಸ್ಟಾಫ್ ನೊಟೇಶನ್, ಅಂದ್ರೆ ಗೆರೆಗಳ ಮೇಲೆ ಬರೆಯೋ ಪಾಶ್ಚಾತ್ಯ ಸ್ವರಲಿಪಿ, ಓದೋದು ಕಲಿತಿದ್ರು, ಅದೇ ಅವರ ಬಂಡವಾಳ. 1949ರ ಬಾಂಬೆ ಮದ್ಯನಿಷೇಧ ಕಾಯ್ದೆ ಬಂದು ಕ್ಲಬ್ಬುಗಳ ಸೊಂಟ ಮುರೀತು, ಕುಡಿಯೋಕಿಲ್ಲ ಅಂದ್ರೆ ಕುಣಿಯೋರು ಯಾರು, ಬ್ಯಾಂಡಿನವರು ಒಬ್ಬೊಬ್ಬರಾಗಿ ಸಿನಿಮಾ ಸ್ಟುಡಿಯೋ ಕಡೆ ನಡೆದ್ರು. ಗೋವಾದ ಆಲ್ಡೋನಾ ಊರಿನ ಚಿಕ್ ಚಾಕೊಲೇಟ್ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಜೊತೆ ಸೇರಿದ, ಸೆಬಾಸ್ಟಿಯನ್ ಡಿಸೋಜಾ ಯಾವ ವಾದ್ಯ ಏನು ಬಾರಿಸಬೇಕು ಅನ್ನೋ ಅರೇಂಜ್‌ಮೆಂಟ್ ಬರೆದ, ಮಜೋರ್ಡಾ ಊರಿನ ಆಂಥನಿ ಗೊನ್ಸಾಲ್ವಿಸ್ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದ. ನಮ್ಮ ತಂದೆ ತಾಯಿ ಕೇಳಿ ಬೆಳೆದ ಹಿಂದಿ ಹಾಡುಗಳ ಹಿಂದೆ ಕೇಳ್ಸೋ ಆ ಟ್ರಂಪೆಟ್ಟು, ಪಿಯಾನೋ, ಅದೆಲ್ಲ ಕೆಲಸ ಕಳ್ಕೊಂಡ ಹೋಟೆಲ್ ಬ್ಯಾಂಡಿನವರದ್ದು. ಆಮೇಲೆ ಸಿಂಥಸೈಜರ್ ಬಂತು, ಕಂಪ್ಯೂಟರ್ ಬಂತು, ದೊಡ್ಡ ಆರ್ಕೆಸ್ಟ್ರಾ ಕರೆಯೋದು ನಿಂತೋಯ್ತು, ಮಾಸ್ತರ ಗುರುಗಳೂ ಮನೆಗೆ ಬಂದು ಕೂತ್ರು. ಅವರಿಗೆ ಶಿಷ್ಯ ಸಿಕ್ಕಿದ್ದು ಆಗಲೇ.

ಕಲಿಯೋಕೆ ಕೂತ ಮೊದಲ ದಿನವೇ ಗೊತ್ತಾಯ್ತಂತೆ ತೊಂದರೆ. "ಶೆಟ್ರ, ನನಗ ಎಡಗೈನ ಇರ್ಲಿಲ್ಲ ನೋಡ್ರಿ. ಗಾಳಿ ಹಾಕೂದು ಅಷ್ಟ ಬರ್ತಿತ್ತು." ಕೈ ಪೇಟೀಲಿ ಎಡಗೈಗೆ ತಿದಿ ಒತ್ತೋ ಕೆಲಸ ಬಿಟ್ರೆ ಬೇರೆ ಇಲ್ಲ. ಪಿಯಾನೋದಲ್ಲಿ, ಅದ್ರಲ್ಲೂ ಜಾಝ್ ಪಿಯಾನೋದಲ್ಲಿ, ಅರ್ಧಕ್ಕಿಂತ ಹೆಚ್ಚು ಕೆಲಸ ಎಡಗೈದೇ. ಬಲಗೈ ಆಗಲೇ ಹಾರಾಡ್ತಿತ್ತು, ಎಡಗೈ ಇನ್ನೂ ತಿದಿ ಹುಡುಕ್ತಿತ್ತು. ಇನ್ನೊಂದು, ಪೇಟೀಲಿ ಮನೆ ಒತ್ತಿ ಹಿಡಿದಷ್ಟೂ ಹೊತ್ತು ಸ್ವರ ನಿಲ್ಲುತ್ತೆ, ಪಿಯಾನೋದಲ್ಲಿ ಹೊಡೆದ ಕ್ಷಣದಿಂದಲೇ ಸಾಯೋಕೆ ಶುರು, ಜೋರು ಮೆಲ್ಲಗೆ ಅನ್ನೋದೆಲ್ಲ ಬೆರಳಿನ ತೂಕದಲ್ಲಿ.

ಗುರುಗಳು ಮಾಡಿದ್ದು ಏನಂದ್ರೆ, ತಿಂಗಳುಗಟ್ಟಲೆ ಬಲಗೈ ತೊಡೆ ಮೇಲೆ ಇಡಿಸಿ ಎಡಗೈಯೊಂದರಲ್ಲೇ ಎರಡು-ಐದು-ಒಂದು ಬಾರಿಸಿದ್ದು. ಜಾಝ್ ಹಾಡುಗಳಲ್ಲಿ ಮತ್ತೆ ಮತ್ತೆ ಬರೋ ಓಟ ಇದು, ಸ್ಕೇಲಿನ ಎರಡನೇ, ಐದನೇ, ಒಂದನೇ ಸ್ವರದ ಮೇಲೆ ಕಟ್ಟಿದ ಮೂರು ಕಾರ್ಡು. ಕಾರ್ಡ್ ಅಂದ್ರೆ ಒಟ್ಟಿಗೆ ಒತ್ತೋ ಸ್ವರಗಳ ಗುಚ್ಛ, ಎ ಬಿ ಸಿ ಅನ್ನೋದು ಪಾಶ್ಚಾತ್ಯ ಸ್ವರಗಳ ಹೆಸರು. ಸಿ ಮೇಜರಲ್ಲಿ ಆದ್ರೆ ಮೊದಲು ಡಿ ಮೈನರ್, ಆಮೇಲೆ ಜಿ ಸೆವೆನ್, ಆಮೇಲೆ ಮನೆ ಸೇರೋ ಹಾಗೆ ಸಿ. ನನ್ನನ್ನೂ ಪಕ್ಕ ಕೂರಿಸ್ಕೊಂಡು ತೋರಿಸಿದ್ರು. ಡಿ ಮೈನರಿಗೆ ಎಡಗೈಲಿ ಎಫ್, ಎ, ಸಿ, ಇ. ಡಿ ಬಾರಿಸೋದೇ ಇಲ್ಲ, ಅದು ತಳದ ಸ್ವರ ಹಿಡಿಯೋ ಬೇಸ್ ವಾದ್ಯದವನ ಕೆಲಸ. ಈಗ ಸಿ ಮೇಲಿರೋ ಬೆರಳು ಮಾತ್ರ ಅರ್ಧ ಸ್ವರ ಕೆಳಗೆ ಬಿಗೆ ಇಳಿಸಿ, ಎಫ್, ಎ, ಬಿ, ಇ. ಅಷ್ಟಕ್ಕೇ ಜಿ ಸೆವೆನ್ ಆಗೋಯ್ತು, ಅದರಲ್ಲೂ ಜಿ ಇಲ್ಲ. ಆಮೇಲೆ ಬಿ ಅಲ್ಲೇ ಇರುತ್ತೆ, ಉಳಿದ ಮೂರೂ ಒಂದೊಂದು ಹೆಜ್ಜೆ ಕೆಳಗೆ ಸರಿದು ಇ, ಜಿ, ಬಿ, ಡಿ, ಇದು ಸಿ. ಕೈ ಎದ್ದು ಎಲ್ಲೂ ಹಾರಲ್ಲ, ಇದ್ದಲ್ಲೇ ಸರೀತಾ ಇರುತ್ತೆ. ಇದನ್ನ ಹನ್ನೆರಡು ಶ್ರುತಿಗೂ, ಕಣ್ಮುಚ್ಚಿ. ಪೇಟೀಲಿ ಕರಿ ಎರಡು, ಬಿಳಿ ನಾಲ್ಕು ಅಂತ ಗಾಯಕರಿಗೆ ತಕ್ಕಂತೆ ಸಾ ಬದಲಾಯಿಸಿ ರೂಢಿ ಇತ್ತಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು. ಆದ್ರೆ ಅಲ್ಲಿ ಒಂದ್ಸಲ ಸಾ ಹಿಡಿದ್ರೆ ಕಚೇರಿ ಮುಗಿಯೋವರೆಗೂ ಅದೇ, ಇಲ್ಲಿ ಒಂದೇ ಹಾಡಲ್ಲಿ ಸಾ ಮೂರ್ನಾಲ್ಕು ಕಡೆ ವಲಸೆ ಹೋಗುತ್ತೆ. "ಡಿ ಮೈನರ್ ಮ್ಯಾಲೆ ಕಾಫಿ ಥಾಟ್ ಹಿಡಿದ್ರ ಸುಖಾಗಿ ಇರ್ತೈತ್ರಿ, ಅಷ್ಟ್ರಾಗ ಜಾಗಾ ಖಾಲಿ ಮಾಡಂತಾರ" ಅಂತಿದ್ರು. ಕಾಫಿ ಥಾಟ್ ಅಂದ್ರೆ ಹಿಂದೂಸ್ತಾನಿಯ ಒಂದು ಸ್ವರಸಾಲು.

ಹೋಟೆಲ್ ಕೆಲಸ ಸಿಕ್ಕಿದ್ದು ಹೀಗೆ ಕೆಲವು ವರ್ಷ ಆದ್ಮೇಲೆ. ಲಾಬಿ ಪಿಯಾನೋ ಅಂದ್ರೆ ಸಂಗೀತದವರು ಮೂಗು ಮುರೀತಾರೆ, ಯಾರೂ ಕೇಳಲ್ಲ, ಚೆಕ್‌ಇನ್ ಮಾಡೋರ ಸೂಟ್‌ಕೇಸ್ ಸದ್ದು, ಯಾರದ್ದೋ ಮಗುಗೆ ಹ್ಯಾಪಿ ಬರ್ತ್‌ಡೇ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆ ಕೆಲಸ ಇಲ್ಲ. ಮ್ಯಾನೇಜರ್‌ಗೆ ಬೇಕಿದ್ದು ಒಂದೇ, ಗಲಾಟೆ ಆಗಬಾರ್ದು. ಮೆಲ್ಲಗೆ ಬಾರಿಸ್ತಾ ಇದ್ರೆ ಒಳಗೆ ಏನು ನಡೀತಿದೆ ಅಂತ ಯಾರಿಗೂ ತಿಳಿಯಲ್ಲ. ಹಳೇ ಹಿಂದಿ ಹಾಡಿನ ಪಲ್ಲವಿ ಎತ್ಕೊಂಡು ಎರಡನೇ ಸುತ್ತಿಗೆ ಕಾರ್ಡುಗಳನ್ನೆಲ್ಲ ಬದಲಾಯಿಸಿ, ಮೂರನೇ ಸುತ್ತಿಗೆ ಹಾಡನ್ನೇ ಬಿಟ್ಟು ಬರೀ ಕಾರ್ಡುಗಳ ಮೇಲೆ ಆಡಿ ವಾಪಸ್ ಬರೋದು, ದಿನಾ ಸಂಜೆ ಮೂರು ಗಂಟೆ. ಸಂಬಳ ಕೊಟ್ಟು ರಿಯಾಜ್ ಮಾಡ್ಸಿದ ಹಾಗೆ. ಬೇಸ್‌ನವನು ಇಲ್ಲ, ಡ್ರಮ್ಮರ್ ಇಲ್ಲ, ಹಾಗಾಗಿ ಎಡಗೈಯೇ ಬೇಸೂ ನಡೆಸಬೇಕು, ಕಾರ್ಡೂ ಇಡಬೇಕು, ಕಾಲವನ್ನೂ ಹಿಡಿಬೇಕು. ಧಾರವಾಡದಲ್ಲಿ ಇಲ್ಲದ ಎಡಗೈ ಬೆಳೆದದ್ದು ಆ ಲಾಬಿಲೇ.

ಜಗಳ ಇದ್ದದ್ದು ಪಿಯಾನೋ ಶ್ರುತಿ ವಿಷಯಕ್ಕೆ ಮಾತ್ರ. ಮುಂಬೈ ಮಳೆಗಾಲ ಅಂದ್ರೆ ಮರದ ವಾದ್ಯಕ್ಕೆ ಶನಿಕಾಟ. ಗಾಳೀಲಿರೋ ತೇವ ಕುಡಿದು ಸೌಂಡ್‌ಬೋರ್ಡ್ ಉಬ್ಬುತ್ತೆ, ತಂತಿ ಬಿಗಿಯಾಗುತ್ತೆ, ಮಧ್ಯದ ಸಪ್ತಕ ಮೇಲೇರುತ್ತೆ, ಮಧ್ಯದ ಮತ್ತು ಮೇಲಿನ ಸ್ವರಗಳಿಗೆಲ್ಲ ಮೂರು ಮೂರು ತಂತಿ ಇರೋದ್ರಿಂದ ಮೂರೂ ಒಂದೊಂದು ದಾರಿ ಹಿಡಿದು ಸ್ವರವೇ ಅಲುಗಾಡೋಕೆ ಶುರು, ಒತ್ತಿದ ಮನೆ ಅಂಟ್ಕೊಂಡು ಮೇಲೇಳಲ್ಲ. ಇಡೀ ದಿನ ಒಂದೇ ಹದದಲ್ಲಿ ಎಸಿ ಇದ್ರೆ ಪರವಾಗಿಲ್ಲ, ರಾತ್ರಿ ಅತಿಥಿ ಕಮ್ಮಿ ಅಂತ ಎಸಿ ಇಳಿಸಿ ಬೆಳಿಗ್ಗೆ ಏರಿಸೋದೇ ಕೆಟ್ಟದ್ದು. ಒಳಗೆ ಸಣ್ಣ ಹೀಟರ್ ರಾಡ್ ಹಾಕ್ಸಿ ಅಂತ ಮಾಸ್ತರು ವರ್ಷಾನುವರ್ಷ ಹೇಳಿದ್ರು. ಹೂವಿನ ಅಲಂಕಾರಕ್ಕೆ ಬಜೆಟ್ ಇತ್ತು, ಇದಕ್ಕೆ ಇರಲಿಲ್ಲ.

ಈಗ ಫೈಲಿಗೆ ಬರೋಣ. ಲಾಕ್‌ಡೌನ್ ಆದ್ಮೇಲೆ ಅವರ ಹಳೇ ಕಾಗದ ಎಲ್ಲ ಹರಡಿ ಕೂತಾಗ ಕಂಡಿದ್ದು: ಹೋಟೆಲ್ ಜೊತೆ ಇದ್ದದ್ದು ಹನ್ನೊಂದು ಹನ್ನೊಂದು ತಿಂಗಳ ಪತ್ರ, ನೌಕರ ಅಲ್ಲ, ಪಿಎಫ್ ಇಲ್ಲ, ಪ್ರೊಫೆಷನಲ್ ಫೀ ಅಂತ ಸೆಕ್ಷನ್ 194ಜೆ ಕೆಳಗೆ ಶೇ. 10 ಟಿಡಿಎಸ್ ಹಿಡಿದು ಕೊಡ್ತಿದ್ರು. ಬೇರೆ ಆದಾಯ ಅಂದ್ರೆ ಆಗೊಮ್ಮೆ ಈಗೊಮ್ಮೆ ಮದುವೆ ರಿಸೆಪ್ಶನ್ನು. ಅಷ್ಟೇ.

ಸ್ವಲ್ಪ ಅಡ್ಡದಾರಿ ಹೋಗ್ತೀನಿ, ನನ್ನ ಕಸುಬಿನ ತಮಾಷೆ. ಡಾಕ್ಟ್ರು, ವಕೀಲರು, ಸಿನಿಮಾ ಕಲಾವಿದರು ಇಂಥೋರಿಗೆ 44ಎಡಿಎ ಅಂತ ಒಂದು ಸೌಕರ್ಯ ಇತ್ತು 1961ರ ಕಾಯ್ದೆಯಲ್ಲಿ, ಬಂದ ಹಣದ ಅರ್ಧ ಲಾಭ ಅಂತ ತೋರಿಸಿದ್ರೆ ಸಾಕು, ಲೆಕ್ಕದ ಪುಸ್ತಕ ಇಡೋದು ಬೇಡ. ಸಿನಿಮಾ ಕಲಾವಿದ ಅಂದ್ರೆ ಯಾರು ಅಂತ ಆಗಿನ ನಿಯಮದಲ್ಲಿ ಪಟ್ಟಿ ಇತ್ತು: ನಟ, ಕ್ಯಾಮೆರಾದವನು, ಮ್ಯೂಸಿಕ್ ಡೈರೆಕ್ಟರ್, ಗಾಯಕ, ಗೀತೆ ಬರೆಯೋನು, ಡ್ರೆಸ್ ಡಿಸೈನರ್ ಕೂಡ ಇದ್ದ. ವಾದ್ಯ ಬಾರಿಸೋನು ಇರಲಿಲ್ಲ. ಹಿಂದಿ ಸಿನಿಮಾದ ಅರ್ಧ ಸಂಗೀತ ಹೊತ್ತವರು ಪಟ್ಟಿಲೇ ಇರಲಿಲ್ಲ! ಹೋಟೆಲ್ ಲಾಬಿಯವನ ಮಾತು ದೂರವೇ ಉಳೀತು. ಇನ್ನು ಜಿಎಸ್‌ಟಿ: ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ ಪ್ರದರ್ಶನಕ್ಕೆ ಒಂದು ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷದವರೆಗೆ ವಿನಾಯ್ತಿ. ಅಂದ್ರೆ ಮಾಸ್ತರು ಪೇಟೀಲಿ ಕಾಫಿ ರಾಗ ಬಾರಿಸಿದ್ರೆ ವಿನಾಯ್ತಿ, ಅದೇ ಬೆರಳಲ್ಲಿ ಅದೇ ಸ್ವರಗಳನ್ನ ಪಿಯಾನೋ ಮೇಲೆ ಜಾಝ್ ಅಂತ ಬಾರಿಸಿದ್ರೆ ಆಫೀಸರ್ ಜೊತೆ ವಾದ ಮಾಡ್ಬೇಕು. ವರ್ಷಕ್ಕೆ ಇಪ್ಪತ್ತು ಲಕ್ಷ ದಾಟದಿದ್ರೆ ರಿಜಿಸ್ಟ್ರೇಶನ್ನೇ ಬೇಡ, ಹಾಗಾಗಿ ಮಾಸ್ತರಿಗೆ ಇದು ತಲೆನೋವಲ್ಲ, ದಾಟೋ ಕಾಲ ಬರ್ಲಿ ಅಂತ ನಾನೇ ಹಾರೈಸ್ದೆ.

ಮುಂದಿನ ದಾರಿ ಅಂತ ಕೂತು ಮಾತಾಡಿದಾಗ ಅವರ ಬಾಯಿಗೆ ಬಂದ ಮೊದಲ ಹೆಸರು ಲೂಯಿ ಬ್ಯಾಂಕ್ಸ್. ಸಹಜ. 1941ರಲ್ಲಿ ಡಾರ್ಜಿಲಿಂಗಲ್ಲಿ ಹುಟ್ಟಿ, ಕಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಬ್ಲೂ ಫಾಕ್ಸ್ ರೆಸ್ಟೋರೆಂಟಲ್ಲಿ ಬಾರಿಸ್ತಿದ್ದ ಪಿಯಾನಿಸ್ಟು, ಆರ್.ಡಿ. ಬರ್ಮನ್ ಕರೆದ್ರು ಅಂತ ಮುಂಬೈಗೆ ಬಂದವರು, ಇಲ್ಲಿ ಜಾಹೀರಾತು ಜಿಂಗಲ್ಲುಗಳಲ್ಲಿ ಬೇರೂರಿ, 1988ರಲ್ಲಿ ದೂರದರ್ಶನದಲ್ಲಿ ಬಂದ 'ಮಿಲೇ ಸುರ್' ಸಂಗೀತದಲ್ಲೂ ಕೈ ಇದ್ದವರು, ಮಧ್ಯೆ ಜಾಝ್ ಬಿಡಲೇ ಇಲ್ಲ. 1978ರಲ್ಲಿ ಶುರುವಾದ ಜಾಝ್ ಯಾತ್ರಾ ಕಚೇರಿಗಳು ರಂಗ್ ಭವನದ ಬಯಲಲ್ಲಿ ನಡೆಯೋ ಕಾಲ ಅದು. ಜಿಂಗಲ್ ಅನ್ನ ಹಾಕ್ತು, ಜಾಝ್ ನಡೀತು. ಆದ್ರೆ ಆ ಬಾಗಿಲೂ ಈಗ ಸಣ್ಣದಾಗಿದೆ. ಮಾಸ್ತರು ಎರಡು ಮೂರು ಸ್ಟುಡಿಯೋ ನೋಡಿ ಬಂದ್ರು. ಕೀಬೋರ್ಡಲ್ಲಿ ಬಾರಿಸಿದ್ದನ್ನ ಪ್ರೊಡ್ಯೂಸರ್ ಹುಡುಗ ಸ್ಕ್ರೀನ್ ಮೇಲೆ ಗೆರೆಗೆ ಸರಿಯಾಗಿ ಎಳೆದು ಕೂರಿಸ್ತಾನೆ. ಸ್ವಿಂಗ್ ಅಂದ್ರೆ ಜೋಡಿ ಸ್ವರದಲ್ಲಿ ಮೊದಲನೇದು ಸ್ವಲ್ಪ ಉದ್ದ, ಎರಡನೇದು ಗಿಡ್ಡ, ಎಷ್ಟು ಅನ್ನೋದು ಆ ಕ್ಷಣದ್ದು. ಗೆರೆಗೆ ಎಳೆದ ಮೇಲೆ ಎರಡೂ ಸಮ. "ನಾನು ಬಾರ್ಸಿದ್ದ ಇದ ಏನ್ರಿ ಅಂತ ಕೇಳಿದ್ಯಾ. ಹೌದು ಅಂಕಲ್, ಕ್ಲೀನ್ ಮಾಡೇನಿ ಅಂದ" ಅಂತ ಹೇಳಿ ಜೋರಾಗಿ ನಕ್ರು. ಆ ಕೆಲಸ ಪೂರ್ತಿ ಬಿಟ್ಟಿಲ್ಲ, ಕರೆದ್ರೆ ಹೋಗ್ತಾರೆ.

ಪಾಠ ಹೇಳೋದು ಅವರಿಗೆ ಇಷ್ಟ ಇರಲಿಲ್ಲ, ನಾನೇ ಹಟ ಹಿಡಿದೆ. "ಮಾಸ್ಟ್ರೇ, ಊರಲ್ಲಿ ಪ್ರತಿ ಬಿಲ್ಡಿಂಗಲ್ಲಿ ಒಂದು ಮಗು ಕೀಬೋರ್ಡ್ ಹಿಡ್ಕೊಂಡು ಕೂತಿದೆ, ನೀವು ಹಸ್ಕೊಂಡು ಕೂತಿದ್ದೀರಿ." ಟ್ರಿನಿಟಿ, ಎಬಿಆರ್‌ಎಸ್‌ಎಂ ಅಂತ ಲಂಡನ್ ಬೋರ್ಡಿನ ಗ್ರೇಡ್ ಪರೀಕ್ಷೆಗಳು ಮುಂಬೈ ತಂದೆ ತಾಯಿಗೆ ಎಸ್ಸೆಸ್ಸೆಲ್ಸಿ ಇದ್ದಂಗೆ, ಸರ್ಟಿಫಿಕೇಟ್ ಬೇಕು. ಬಹುಪಾಲು ಕ್ಲಾಸಿಕಲ್, ಆದ್ರೆ ಎಬಿಆರ್‌ಎಸ್‌ಎಂನಲ್ಲಿ ಜಾಝ್ ಪಿಯಾನೋಗೇ ಒಂದರಿಂದ ಐದರವರೆಗೆ ಗ್ರೇಡ್ ಇದೆ, ಪರೀಕ್ಷೆಯಲ್ಲಿ ಮಗು ತಾನೇ ಇಂಪ್ರೊವೈಸ್ ಮಾಡ್ಬೇಕು, ಅಂದ್ರೆ ಆ ಕ್ಷಣಕ್ಕೆ ಕಟ್ಟಿ ಬಾರಿಸ್ಬೇಕು. ಆಗ ಎಲ್ಲ ಜೂಮಲ್ಲಿ. ಜೂಮಲ್ಲಿ ಇಬ್ಬರು ಒಟ್ಟಿಗೆ ಬಾರಿಸೋಕಾಗಲ್ಲ, ಸದ್ದು ತಡವಾಗಿ ತಲುಪುತ್ತೆ, ಜಾಝಿಗೆ ಒಟ್ಟಿಗೆ ಬಾರಿಸೋದೇ ಜೀವ. ಮಾಸ್ತರು ಕಂಡ್ಕೊಂಡ ಉಪಾಯ ಚೆನ್ನಾಗಿತ್ತು: ತಮ್ಮ ಎಡಗೈ ಮಾತ್ರ ಫೋನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಲ್ಲಿ ಕಳ್ಸೋದು, ಮಗು ಮನೇಲಿ ಅದನ್ನ ಹಾಕ್ಕೊಂಡು ಬಲಗೈ ಬಾರಿಸಿ ವಾಪಸ್ ಕಳ್ಸೋದು. ಎಡಗೈ ಇಲ್ಲದ ಹುಡುಗ ಈಗ ಊರಿಗೆಲ್ಲ ಎಡಗೈ ಹಂಚ್ತಿದ್ದಾರೆ ಅಂತ ಅವರ ಹೆಂಡತಿ ತಮಾಷೆ ಮಾಡ್ತಾರೆ. ಬಾಯಿಂದ ಬಾಯಿಗೆ ಹರಡಿ ಸೊಲ್ಲಾಪುರ, ಹುಬ್ಬಳ್ಳಿ ಕಡೆಯಿಂದ ಸುಗಮ ಸಂಗೀತದ ಪೇಟಿ ಕಲಿಯೋರೂ ಸೇರ್ಕೊಂಡ್ರು.

ಹೋಟೆಲ್‌ನವರು ಕರೆದದ್ದು 2022ರ ಕೊನೇಲಿ. ದಿನಾ ಅಲ್ಲ, ಶುಕ್ರವಾರ ಶನಿವಾರ ಮಾತ್ರ, ಹಳೇ ಪಿಯಾನೋ ಹಾಳಾಗಿದೆ, ಬಿಳಿ ಡಬ್ಬದೊಳಗೆ ಡಿಜಿಟಲ್ ಇಡ್ತೀವಿ ಅಂದ್ರು. ಇಲ್ಲಿ ಮಾಸ್ತರು ಮೊದಲ ಸಲ ಚೌಕಾಸಿ ಮಾಡಿದ್ರು, ಮಾಡೋ ಧೈರ್ಯ ಬಂದಿದ್ದು ಪಾಠದ ದುಡ್ಡು ಕೈಲಿದ್ದದ್ದಕ್ಕೆ. ಹಳೇ ಪಿಯಾನೋನೇ ರಿಪೇರಿ ಮಾಡ್ಸಿ, ಹೀಟರ್ ರಾಡ್ ಹಾಕ್ಸಿ, ಮಳೆಗಾಲದ ಮುಂಚೆ ಒಂದ್ಸಲ ಮುಗಿದ ಮೇಲೆ ಒಂದ್ಸಲ ಟ್ಯೂನಿಂಗ್ ಅಂತ ಪತ್ರದಲ್ಲೇ ಬರೀರಿ. ಒಪ್ಪಿದ್ರು. ಶನಿವಾರ ಬೇಸ್, ಡ್ರಮ್ಸ್ ಸೇರಿಸಿ ಟ್ರಿಯೋ ಕೊಡಿ ಅಂದಿದ್ದಕ್ಕೆ ಒಪ್ಪಲಿಲ್ಲ, ಗೆಸ್ಟ್ ಕಂಪ್ಲೇಂಟ್ ಮಾಡ್ತಾರೆ ಅಂತ. ನಾನಾಗಿದ್ರೆ ಇನ್ನೂ ಎಳೀತಿದ್ದೆ.

ಈಗಿನ ಲೆಕ್ಕ ನೋಡಿದ್ರೆ ಪಾಠದ್ದು ಎಲ್ಲಕ್ಕಿಂತ ದೊಡ್ಡ ಭಾಗ, ಆಮೇಲೆ ಹೋಟೆಲು, ಆಮೇಲೆ ಮದುವೆ ಕಾರ್ಪೊರೇಟು, ಸ್ಟುಡಿಯೋ ಸ್ವಲ್ಪ. ಬರೀ ಜಾಝ್ ಅಂತ ಬಾಂದ್ರಾ ಕಡೆಯ ಕ್ಲಬ್ಬಲ್ಲಿ ಬಾರಿಸಿದ್ದು ಕೊನೇಲಿದೆ, ಆ ಸಾಲಲ್ಲಿ ಬಂದದ್ದಕ್ಕಿಂತ ಟ್ಯಾಕ್ಸಿಗೆ ಹೋದದ್ದೇ ಹೆಚ್ಚು, ಸ್ಟೇಜ್ ಪಿಯಾನೋ ಹೊತ್ಕೊಂಡು ಲೋಕಲ್ ಹತ್ತೋಕಾಗಲ್ಲ ಪಾಪ. ಹೋದ ವರ್ಷ ಉಳಿಸಿದ್ದರಲ್ಲಿ ಟ್ರಿಯೋ ಜೊತೆ ಸ್ವಂತದ್ದೇ ಕೆಲವು ಹಾಡು ರೆಕಾರ್ಡ್ ಮಾಡಿದ್ರು, ಹಾಡು ಕಟ್ಟಿದವರಿಗೆ ರಾಯಲ್ಟಿ ವಸೂಲಿ ಮಾಡಿ ಕೊಡೋ ಐಪಿಆರ್‌ಎಸ್ ಸಂಸ್ಥೆಯಲ್ಲಿ ಕಂಪೋಸರ್ ಅಂತ ಹೆಸರು ನೋಂದಾಯಿಸ್ದೆವು. 2012ರ ಕಾಪಿರೈಟ್ ತಿದ್ದುಪಡಿ ಆದ್ಮೇಲೆ ಸಿನಿಮಾ ಹಾಡು ಕಟ್ಟಿದವನ ರಾಯಲ್ಟಿ ಹಕ್ಕನ್ನ ಯಾರೂ ಸುಮ್ಮನೆ ಬರೆಸ್ಕೊಂಡು ಹೋಗೋ ಹಾಗಿಲ್ಲ. ಇವರದ್ದು ಸಿನಿಮಾ ಅಲ್ಲ, ಆದ್ರೆ ಸಿನಿಮಾ ಹೊರಗಿನ ರೆಕಾರ್ಡಿಗೂ ಆ ಹಕ್ಕು ಇದೆ, ಮುಂದೆ ಯಾವನೋ ತಗೊಂಡು ಬಳಸಿದ್ರೆ ಅಂತ ಒಂದು ಮುಂಜಾಗ್ರತೆ. ಮೊನ್ನೆ ಮೊದಲ ರಾಯಲ್ಟಿ ಬಂತು, ಮಾಟುಂಗಾದ ರಾಮನಾಯಕ್ ಉಡುಪಿ ಹೋಟೆಲಲ್ಲಿ ನಾವಿಬ್ರೂ ಬಾಳೆಲೆ ಊಟ ಮಾಡಿದ್ರೆ ಮುಗೀತು ಅನ್ನೋ ಅಷ್ಟು. ಇದನ್ನ ಯಾವ ಹೆಡ್ಡಲ್ಲಿ ತೋರ್ಸೂದ್ರಿ ಶೆಟ್ರ ಅಂತ ಸೀರಿಯಸ್ಸಾಗಿ ಕೇಳಿದ್ರು. ವೃತ್ತಿ ಆದಾಯ, ಉಳಿದದ್ದರ ಜೊತೆಗೇ ಸೇರ್ಸೋಣ ಅಂದೆ.